ಬಾಳೆಯ ಹಣ್ಣಿನ ಬಣ್ಣ ಯಾವುದು?

ಶಾಲೆಯ ಹೊಸಿಲಲ್ಲಿ ಮಗುವಿನ ಅಳತೆ

"ಬಲಗೈಯನ್ನು ನೆತ್ತಿಯ ಮೇಲಿಂದ ತಂದು ಎಡಗಿವಿ ಮುಟ್ಟು, ನೋಡೋಣ!"

ನಡುವಯಸ್ಸು ದಾಟಿದ ಓದುಗರಲ್ಲಿ, ಅದರಲ್ಲಿಯೂ ಹಳ್ಳಿಯ ಶಾಲೆಯಲ್ಲಿ ಅಕ್ಷರ ಕಲಿತವರಲ್ಲಿ, ಈ ಮಾತನ್ನು ಕೇಳದವರು ವಿರಳ. ಜೂನ್ ತಿಂಗಳ ಮೊದಲ ವಾರ ತಂದೆಯ ಬೆರಳು ಹಿಡಿದುಕೊಂಡು ಶಾಲೆಯ ಜಗುಲಿ ಹತ್ತಿದ ಮಗುವಿಗೆ ಹೆಡ್‌ಮಾಸ್ತರರು ಒಡ್ಡುತ್ತಿದ್ದ ಪ್ರವೇಶಪರೀಕ್ಷೆ ಇದೊಂದೇ. ಬೆರಳ ತುದಿ ಕಿವಿಗೆ ತಾಕಿದರೆ ಮಗುವಿಗೆ ಆರು ತುಂಬಿತೆಂದು ಲೆಕ್ಕ. ತಾಕದಿದ್ದರೆ "ಬರುವ ವರ್ಷ ಕರೆತನ್ನಿ" ಎಂಬ ಅಪ್ಪಣೆ. ಜನನಪತ್ರವನ್ನು ಕೇಳುವವರೂ ಇರಲಿಲ್ಲ, ಇಟ್ಟುಕೊಂಡವರೂ ಇರಲಿಲ್ಲ.

ನನ್ನ ಸರದಿ ಬಂದ ದಿನ ಬೆರಳಿಗೂ ಕಿವಿಗೂ ಒಂದು ಅಂಗುಲದಷ್ಟು ಅಂತರ ಉಳಿದುಬಿಟ್ಟಿತು. ನಾನು ಕತ್ತನ್ನು ಓರೆಮಾಡಿ ಕಿವಿಯನ್ನೇ ಬೆರಳಿನ ಬಳಿಗೆ ತಂದುಕೊಂಡೆ. ಮಾಸ್ತರರು ನಕ್ಕು, "ಇರಲಿ, ಬುದ್ಧಿ ಇದೆ" ಎಂದು ದಾಖಲಾತಿಯ ಪುಸ್ತಕವನ್ನು ತೆರೆದರು. ಆರು ವರ್ಷಕ್ಕೆ ಸರಿಹೊಂದುವಂತೆ ಒಂದು ಜನ್ಮದಿನವನ್ನೂ ತಾವೇ ದಯಪಾಲಿಸಿದರು. ನನ್ನ ತಲೆಮಾರಿನ ಎಷ್ಟೋ ಮಂದಿ ಕನ್ನಡಿಗರು ಜೂನ್ ಒಂದರಂದೇ ಏಕೆ ಹುಟ್ಟಿದರೆಂಬ ಒಗಟಿಗೆ ಉತ್ತರ ಗ್ರಹಗತಿಯಲ್ಲಿಲ್ಲ, ಮಾಸ್ತರರ ಮಸಿಕುಡಿಕೆಯಲ್ಲಿದೆ.

ಈ ಕಿವಿಯ ಪರೀಕ್ಷೆಯನ್ನು ಕೇವಲ ಹಳ್ಳಿಯ ಮೌಢ್ಯವೆಂದು ತಳ್ಳಿಹಾಕಬೇಕಾಗಿಲ್ಲ. ಜರ್ಮನಿಯ ವೈದ್ಯರೂ ಇದನ್ನು 'ಫಿಲಿಪೀನ್ ಅಳತೆ' ಎಂಬ ಹೆಸರಿನಿಂದ ಬಲ್ಲರು. ಹುಟ್ಟಿದ ಕೂಸಿನ ತಲೆ ದೇಹದ ಉದ್ದದ ಕಾಲುಪಾಲಿನಷ್ಟಿರುತ್ತದೆ, ಕೈಗಳು ಮೊಟಕು. ವರ್ಷಗಳು ಕಳೆದಂತೆ ತಲೆ ನಿಧಾನವಾಗಿಯೂ ಕೈಕಾಲುಗಳು ವೇಗವಾಗಿಯೂ ಬೆಳೆದು, ಆರರ ಆಸುಪಾಸಿನಲ್ಲಿ ಕೈ ನೆತ್ತಿಯನ್ನು ದಾಟಿ ಕಿವಿಯನ್ನು ಮುಟ್ಟುತ್ತದೆ. ಮಗುವಿನ ಬುದ್ಧಿಯ ವಿಷಯವಾಗಿ ಈ ಅಳತೆ ಏನನ್ನೂ ಹೇಳುವುದಿಲ್ಲ, ನಿಜ. ಆದರೆ ಅದರಲ್ಲೊಂದು ಸದ್ಗುಣವಿತ್ತು: ಕೈ ಎಟುಕದ ಮಗುವನ್ನು ಯಾರೂ ದಡ್ಡನೆನ್ನುತ್ತಿರಲಿಲ್ಲ. ಇನ್ನೂ ಬೆಳೆಯಬೇಕು ಎನ್ನುತ್ತಿದ್ದರು, ಅಷ್ಟೆ.

ಈಗಿನ ನಗರದ ಪರಿ ಬೇರೆ. ನಮ್ಮ ನೆರೆಮನೆಯ ರಾಯರ ಮೊಮ್ಮಗನನ್ನು ಒಂದನೆಯ ತರಗತಿಗೆ ಸೇರಿಸಲು ಬೆಂಗಳೂರಿನ ಒಂದು ಶಾಲೆಗೆ ಕರೆದೊಯ್ದರು. ಎರಡು ತಿಂಗಳಿನಿಂದ ಆ ಮನೆಯಲ್ಲಿ ಊಟ, ಸ್ನಾನ, ನಿದ್ರೆ ಎಲ್ಲವೂ ಪಾಠವೇ. ಹಣ್ಣುಗಳ ಹೆಸರು, ವಾಹನಗಳ ಹೆಸರು, ಬಣ್ಣಗಳ ಹೆಸರು, ಎಲ್ಲವೂ ಇಂಗ್ಲಿಷಿನಲ್ಲಿ. ಶಾಲೆಯವರು ಅದನ್ನು ಪರೀಕ್ಷೆ ಎನ್ನಲಿಲ್ಲ. 'ಪರಿಚಯದ ಮಾತುಕತೆ' ಎಂದರು. ಮೇಜಿನ ಆಚೆ ಕುಳಿತ ಮಹಿಳೆ ಕೇಳಿದರು: "ಬಾಳೆಯ ಹಣ್ಣಿನ ಬಣ್ಣ ಯಾವುದು?" ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಕನ್ನಡದಲ್ಲಿ, "ಯಾವ ಬಾಳೆಹಣ್ಣು?" ಎಂದು ತಿರುಗಿ ಕೇಳಿದ. ಆಕೆ ಅದೇ ಪ್ರಶ್ನೆಯನ್ನು ಮತ್ತೊಮ್ಮೆ ಹೇಳಿದರು. ಹುಡುಗ, "ಕೆಂಪು" ಎಂದ. ಹಾಳೆಯ ಮೇಲೆ ಒಂದು ಗೀಟು ಬಿತ್ತು. ನಾಲ್ಕು ದಿನಗಳ ಮೇಲೆ 'ಸದ್ಯಕ್ಕೆ ಸ್ಥಳವಿಲ್ಲ' ಎಂಬ ಸೌಜನ್ಯದ ಪತ್ರ ಬಂದಿತು.

ಆಟೋರಿಕ್ಷಾದಲ್ಲಿ ಹಿಂದಿರುಗುವಾಗಲೇ ತಾಯಿಯ ಕಣ್ಣು ತುಂಬಿತ್ತು. ಮನೆಯಲ್ಲಿ ಅಜ್ಜಿ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೇಳಿದಾಗ ಸಂಗತಿ ಹೊರಬಿದ್ದಿತು: "ಅಜ್ಜೀ, ತಾತ ತರೋ ಹಣ್ಣು ಕೆಂಪಲ್ಲವಾ?" ರಾಯರು ವಾರಕ್ಕೊಮ್ಮೆ ಮಾರುಕಟ್ಟೆಗೆ ಹೋಗಿ ಚಂದ್ರಬಾಳೆಯನ್ನೇ ತರುವವರು. ಹುಡುಗನಿಗೆ ಹಳದಿಯ ಬಾಳೆಹಣ್ಣೂ ಗೊತ್ತು, ಹಸಿರು ಸಿಪ್ಪೆಯ ಹಣ್ಣೂ ಗೊತ್ತು. ಅದಕ್ಕಾಗಿಯೇ ಅವನು ಯಾವ ಹಣ್ಣು ಎಂದು ಕೇಳಿದ್ದು. ಇಷ್ಟು ತಿಳಿದ ಮೇಲೆ ನಗಬಹುದಾಗಿತ್ತು. ಆದರೆ ಆ ಮನೆಯಲ್ಲಿ ಯಾರೂ ನಗಲಿಲ್ಲ. ಅಂದಿನಿಂದ ತಾತ ಎಲೆಯ ಮುಂದೆ ಕುಳಿತಾಗಲೆಲ್ಲ ಒಂದೊಂದು ಪದಾರ್ಥವನ್ನು ತೋರಿಸಿ ಬಣ್ಣ ಕೇಳತೊಡಗಿದರು. ಹುಡುಗ ಮೊದಲು ಗಟ್ಟಿಯಾಗಿ ಹೇಳುತ್ತಿದ್ದ, ಆಮೇಲೆ ಪಿಸುಗುಟ್ಟಿದ, ಕೊನೆಗೆ ಉತ್ತರ ಹೇಳುವ ಮುನ್ನ ತಾಯಿಯ ಮುಖವನ್ನು ನೋಡುವುದನ್ನು ಕಲಿತ. ಈ ಕಲಿಕೆಯನ್ನು ಅಳೆಯುವ ಪರೀಕ್ಷೆ ಮಾತ್ರ ಎಲ್ಲಿಯೂ ಇಲ್ಲ.

ಪ್ಯಾರಿಸಿನಿಂದ ಧಾರವಾಡಕ್ಕೆ

ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳಿ ಬುದ್ಧಿಯನ್ನು ಅಳೆಯುವ ಪದ್ಧತಿಯ ಮೂಲವನ್ನು ಹುಡುಕಿಕೊಂಡು ಹೋದರೆ ನೂರಿಪ್ಪತ್ತು ವರ್ಷಗಳ ಹಿಂದಿನ ಪ್ಯಾರಿಸ್ ನಗರವನ್ನು ತಲಪುತ್ತೇವೆ. ಫ್ರಾನ್ಸಿನಲ್ಲಿ 1882ರಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಯಿತು. ಎಲ್ಲ ಬಗೆಯ ಮಕ್ಕಳೂ ಶಾಲೆಗೆ ಬಂದರು. ಕೆಲವರು ಪಾಠವನ್ನು ಹಿಂಬಾಲಿಸಲಾರದೆ ಹೋದರು. ಅಂಥವರ ವಿಷಯದಲ್ಲಿ ಏನು ಮಾಡಬೇಕೆಂದು ವಿಚಾರಿಸಲು ಶಿಕ್ಷಣ ಸಚಿವರು 1904ರಲ್ಲಿ ಒಂದು ಸಮಿತಿಯನ್ನು ನೇಮಿಸಿದರು. ಅದರಲ್ಲಿದ್ದ ಮನಶ್ಶಾಸ್ತ್ರಜ್ಞ ಆಲ್ಫ್ರೆಡ್ ಬೀನೆ, ತನ್ನ ಸಹೋದ್ಯೋಗಿ ತೆಯೊದೊರ್ ಸಿಮೋನನೊಡನೆ 1905ರಲ್ಲಿ ಮೂವತ್ತು ಪ್ರಶ್ನೆಗಳ ಒಂದು ಮಾಲೆಯನ್ನು ಪ್ರಕಟಿಸಿದ. 1908ರಲ್ಲಿ ಅದನ್ನು ವಯಸ್ಸಿಗೆ ತಕ್ಕಂತೆ ವಿಂಗಡಿಸಿದ. ಮೂರು ವರ್ಷದ ಮಗು ತನ್ನ ಮೂಗು, ಕಣ್ಣು, ಬಾಯಿಗಳನ್ನು ತೋರಿಸಬೇಕು. ಐದು ವರ್ಷದ್ದು ಎರಡು ಪೆಟ್ಟಿಗೆಗಳಲ್ಲಿ ಭಾರವಾದುದನ್ನು ಗುರುತಿಸಬೇಕು, ಚೌಕವನ್ನು ನೋಡಿ ಬರೆಯಬೇಕು, ನಾಲ್ಕು ನಾಣ್ಯಗಳನ್ನು ಎಣಿಸಬೇಕು.

ಇವುಗಳ ನಡುವೆ ಎರಡು ಮುಖಗಳ ಚಿತ್ರ ತೋರಿಸಿ, ಯಾವುದು ಅಂದವಾಗಿದೆ ಎಂದು ಕೇಳುವ ಪ್ರಶ್ನೆಯೂ ಒಂದಿತ್ತು. ಅಂದಚಂದಗಳ ಬಗೆಗೆ ಪ್ಯಾರಿಸಿನ ಪಂಡಿತನ ಅಭಿಪ್ರಾಯವನ್ನು ಮಗು ಒಪ್ಪಿದರೆ ಅದು ಬುದ್ಧಿವಂತ! ಪ್ರಶ್ನೆ ಕೇಳುವವನು ತನ್ನನ್ನೇ ಪ್ರಶ್ನೆಯೊಳಗೆ ಬಚ್ಚಿಟ್ಟಿರುತ್ತಾನೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕಲಾರದು.

ಆದರೂ ಬೀನೆಯ ಉದ್ದೇಶ ಸಾತ್ತ್ವಿಕವಾದುದು. ಉಪಾಧ್ಯಾಯನೊಬ್ಬನ ಬೇಸರದ ಮಾತನ್ನೇ ನಂಬಿ ಯಾವ ಮಗುವನ್ನೂ ಸಾಮಾನ್ಯ ತರಗತಿಯಿಂದ ಹೊರಗೆ ಹಾಕಬಾರದು. ಮೊದಲು ನ್ಯಾಯವಾಗಿ ಪರೀಕ್ಷಿಸಬೇಕು. ಹಿಂದೆ ಬಿದ್ದ ಮಗುವಿಗೆ ವಿಶೇಷ ನೆರವು ಕೊಡಬೇಕು. ಬುದ್ಧಿ ಎಂಬುದು ಹುಟ್ಟಿನಲ್ಲೇ ತೂಗಿಕೊಟ್ಟ ವಸ್ತು, ಹೆಚ್ಚಿಸಲು ಬಾರದು ಎನ್ನುವವರನ್ನು ಆತ 1909ರ ತನ್ನ ಗ್ರಂಥದಲ್ಲಿ ತೀವ್ರವಾಗಿ ಖಂಡಿಸಿದ. ಮಗುವನ್ನು ಕಾಯಲೆಂದು ಮಾಡಿದ ಗುರಾಣಿ ಅದು. ಬೀನೆ 1911ರಲ್ಲಿ ತೀರಿಕೊಂಡ. ಗುರಾಣಿ ಅಮೆರಿಕಕ್ಕೆ ಹೋಗಿ ಕತ್ತಿಯಾಯಿತು. ಹೆನ್ರಿ ಗಾಡರ್ಡ್ ಎಂಬಾತ 1913ರಲ್ಲಿ ತನ್ನ ಸಹಾಯಕರನ್ನು ಎಲ್ಲಿಸ್ ದ್ವೀಪಕ್ಕೆ ಕಳುಹಿಸಿ, ಹಡಗಿನಿಂದ ಇಳಿದ ಬಡ ವಲಸಿಗರಿಗೆ ಇಂಥ ಪ್ರಶ್ನೆಗಳನ್ನೊಡ್ಡಿ, ಅವರಲ್ಲಿ ಬಹುಮಂದಿಯನ್ನು ಮಂದಬುದ್ಧಿಯವರೆಂದು ವರ್ಗೀಕರಿಸಿದ. 1916ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಲೂಯಿಸ್ ಟರ್ಮನ್ ಮಾಡಿದ ಪರಿಷ್ಕರಣದಿಂದ 'ಐ.ಕ್ಯೂ.' ಎಂಬ ಎರಡಕ್ಷರದ ಮಂತ್ರ ಜಗತ್ತಿನಲ್ಲೆಲ್ಲ ಹರಡಿತು.

ಕನ್ನಡ ನಾಡಿಗೂ ಈ ವಿದ್ಯೆ ಬೇಗನೆ ಬಂದಿತೆಂಬುದು ಅನೇಕರಿಗೆ ತಿಳಿಯದ ಸಂಗತಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಶಿಷ್ಯರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ಅದರ ಮುಖ್ಯಸ್ಥರು. ಪಾಶ್ಚಾತ್ಯ ಬುದ್ಧಿಪರೀಕ್ಷೆಗಳನ್ನು ನಮ್ಮ ಮಕ್ಕಳಿಗೆ ಒಗ್ಗಿಸಲು ಯತ್ನಿಸಿದ ಇದೇ ಮಹನೀಯರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ 'ಆಕಾಶವಾಣಿ'ಯನ್ನು ಆರಂಭಿಸಿದವರು ಎಂದರೆ ಓದುಗರಿಗೆ ಪರಿಚಯ ಸುಲಭವಾದೀತು. ಅತ್ತ ಧಾರವಾಡದಲ್ಲಿ ವಿ. ವಿ. ಕಾಮತರು ಬೀನೆಯ ಪ್ರಶ್ನಮಾಲೆಯನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಪರಿಷ್ಕರಿಸಿ, 1934ರಲ್ಲಿ ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. 1940ರಲ್ಲಿ ಅದು ಗ್ರಂಥರೂಪದಲ್ಲಿಯೂ ಬಂದಿತು. 'ಬೀನೆ-ಕಾಮತ್ ಪರೀಕ್ಷೆ' ಎಂಬ ಹೆಸರಿನಲ್ಲಿ ಭಾರತದ ಚಿಕಿತ್ಸಾಲಯಗಳು ಅದನ್ನು ದಶಕಗಳ ಕಾಲ ಬಳಸಿದವು. ಧಾರವಾಡದ ಆ ಮಕ್ಕಳು ಅಜ್ಜಅಜ್ಜಿಯರಾಗಿ ಕಾಲವಾದ ಮೇಲೂ ಅವರ ಅಳತೆಗೋಲಿನಿಂದಲೇ ಹೊಸ ಮಕ್ಕಳನ್ನು ಅಳೆಯುವುದು ಸರಿಯಲ್ಲವೆಂದು ತಜ್ಞರೇ ಆಕ್ಷೇಪಿಸಿದ್ದಾರೆ.

ತಪ್ಪು ಉತ್ತರದ ಬೆಲೆ

ಬೀನೆಯ ಮರಣಾನಂತರ, ಸ್ವಿಟ್ಜರ್ಲೆಂಡಿನ ತರುಣನೊಬ್ಬ ಪ್ಯಾರಿಸಿಗೆ ಬಂದ. ಅವನ ಹೆಸರು ಜಾನ್ ಪಿಯಾಜೆ. ಸಿಮೋನ್ ಅವನಿಗೆ ಒಂದು ಬೇಸರದ ಕೆಲಸ ವಹಿಸಿದ: ಇಂಗ್ಲಿಷ್ ಪ್ರಶ್ನಮಾಲೆಯೊಂದನ್ನು ಪ್ಯಾರಿಸಿನ ಮಕ್ಕಳ ಮೇಲೆ ಪ್ರಯೋಗಿಸಿ, ಸರಿಯಾದ ಉತ್ತರಗಳನ್ನು ಎಣಿಸುವುದು. ಎಣಿಸುತ್ತ ಎಣಿಸುತ್ತ ಪಿಯಾಜೆಗೆ ಸರಿಯುತ್ತರಗಳಲ್ಲಿ ಆಸಕ್ತಿ ಕುಂದಿತು. ತಪ್ಪು ಉತ್ತರಗಳು ಅವನನ್ನು ಹಿಡಿದು ನಿಲ್ಲಿಸಿದವು. ಒಂದೇ ವಯಸ್ಸಿನ ಮಕ್ಕಳೆಲ್ಲ ಒಂದೇ ಬಗೆಯ ತಪ್ಪನ್ನು ಮಾಡುತ್ತಿದ್ದರು! ಮಗು ಏಕೆ ಹಾಗೆ ಹೇಳಿತೆಂದು ಅದನ್ನೇ ಕೇಳುತ್ತ ಕುಳಿತದ್ದರಿಂದ ಅವನ ಜೀವಮಾನದ ಶಾಸ್ತ್ರ ಹುಟ್ಟಿಕೊಂಡಿತು.

ಅವನ ಒಂದು ಪ್ರಯೋಗವನ್ನು ಮನೆಯಲ್ಲಿಯೇ ಮಾಡಿ ನೋಡಬಹುದು. ಒಂದೇ ಅಳತೆಯ ಎರಡು ಲೋಟಗಳಲ್ಲಿ ಸಮನಾಗಿ ನೀರು ತುಂಬಿ, ಐದು ವರ್ಷದ ಮಗುವಿಗೆ ತೋರಿಸಿರಿ. ಎರಡೂ ಸಮ ಎಂದು ಅದು ಒಪ್ಪುತ್ತದೆ. ಈಗ ಒಂದು ಲೋಟದ ನೀರನ್ನು ಅದರ ಕಣ್ಣೆದುರಿಗೇ ಉದ್ದನೆಯ, ಸಪೂರವಾದ ಗಾಜಿನ ಪಾತ್ರೆಗೆ ಸುರಿದು, ಯಾವುದರಲ್ಲಿ ಹೆಚ್ಚು ಎಂದು ಕೇಳಿರಿ. ಬಹುತೇಕ ಮಕ್ಕಳು ಎತ್ತರದ ಪಾತ್ರೆಯನ್ನು ತೋರಿಸುತ್ತಾರೆ. ಏಳರ ಹೊತ್ತಿಗೆ ಅದೇ ಮಗು ಈ ಪ್ರಶ್ನೆಗೆ ನಿಮ್ಮನ್ನು ನೋಡಿ ನಗುತ್ತದೆ. ನಡುವಣ ಎರಡು ವರ್ಷಗಳಲ್ಲಿ ಯಾರೂ ಅದಕ್ಕೆ ಈ ಪಾಠವನ್ನು ಹೇಳಿಕೊಟ್ಟಿರುವುದಿಲ್ಲ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಎಡಿನ್‌ಬರೋದಲ್ಲಿ ಮಾರ್ಗರೆಟ್ ಡೊನಾಲ್ಡ್‌ಸನ್ ಮತ್ತು ಜೇಮ್ಸ್ ಮೆಕ್‌ಗ್ಯಾರಿಗಲ್ 1974ರಲ್ಲಿ ಪ್ರಕಟಿಸಿದ ಪ್ರಯೋಗ ಪಿಯಾಜೆಯನ್ನೂ ತಿದ್ದಿತು. ಸಮನಾದ ಎರಡು ಸಾಲುಗಳಲ್ಲಿ ಬಿಲ್ಲೆಗಳನ್ನಿಟ್ಟು, ದೊಡ್ಡವರೇ ಒಂದು ಸಾಲನ್ನು ಹಿಗ್ಗಿಸಿ ಅಥವಾ ಕುಗ್ಗಿಸಿ ಮತ್ತೆ ಪ್ರಶ್ನೆ ಕೇಳಿದಾಗ ಮಕ್ಕಳು ತಪ್ಪುತ್ತಿದ್ದರು. ಆದರೆ ಪೆಟ್ಟಿಗೆಯಿಂದ ಹೊರಬಂದ ತುಂಟ ಕರಡಿಯ ಗೊಂಬೆಯೊಂದು ಆ ಸಾಲನ್ನು ಕೆಡಿಸಿದಂತೆ ಆಟ ಹೂಡಿ ಕೇಳಿದಾಗ, ಸರಿಯಾಗಿ ಹೇಳಿದವರ ಸಂಖ್ಯೆ ಬಹಳವಾಗಿ ಏರಿತು! ಕಾರಣವೇನು? ದೊಡ್ಡವರು ಬೇಕೆಂದೇ ಏನನ್ನೋ ಬದಲಿಸಿ ಅದೇ ಪ್ರಶ್ನೆಯನ್ನು ಎರಡನೆಯ ಸಲ ಕೇಳಿದರೆ, ಮೊದಲಿನ ಉತ್ತರ ಅವರಿಗೆ ಹಿಡಿಸಲಿಲ್ಲವೆಂದು ಮಗು ಊಹಿಸುತ್ತದೆ. ಅದು ಬಿಲ್ಲೆಗಳನ್ನಷ್ಟೇ ಅಲ್ಲ, ಕೇಳುವವರ ಮನಸ್ಸನ್ನೂ ಓದುತ್ತಿರುತ್ತದೆ. "ಯಾವ ಬಾಳೆಹಣ್ಣು?" ಎಂಬ ಪ್ರಶ್ನೆಗೆ ಉತ್ತರ ಬಾರದೆ ಅದೇ ಮಾತು ಮರುಕಳಿಸಿದಾಗ ನಮ್ಮ ನೆರೆಮನೆಯ ಹುಡುಗನ ಪಾಡೂ ಇದೇ ಆಗಿದ್ದಿರಬೇಕು.

ಮೇಲಾಗಿ ಭಾಷೆಯ ತೊಡಕು. ನಮ್ಮ ಊರುಗಳಲ್ಲಿ ಮಗು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಉರ್ದುವನ್ನೋ ತೆಲುಗನ್ನೋ ಆಡುತ್ತದೆ, ಬೀದಿಯಲ್ಲಿ ಕನ್ನಡವನ್ನು. ಪ್ರಶ್ನೆ ಬರುವುದು ಇಂಗ್ಲಿಷಿನಲ್ಲಿ. ಆಗ ಅಳತೆಗೆ ಸಿಗುವುದು ಮಗುವಿನ ಬುದ್ಧಿಯಲ್ಲ, ಮನೆಯವರ ಓದು ಮತ್ತು ವರಮಾನ.

ತಿಂಗಳುಗಳ ಲೆಕ್ಕ

ತಾಯಿತಂದೆಯರು ಸಾಮಾನ್ಯವಾಗಿ ಗಮನಿಸದ ಮತ್ತೊಂದು ವಿಷಯವಿದೆ. ಒಂದೇ ತರಗತಿಯಲ್ಲಿ ಜೂನ್ ಆರಂಭದಲ್ಲಿ ಹುಟ್ಟಿದ ಮಗುವೂ ಮರುವರ್ಷದ ಮೇ ತಿಂಗಳಲ್ಲಿ ಹುಟ್ಟಿದ ಮಗುವೂ ಪಕ್ಕಪಕ್ಕದಲ್ಲಿ ಕುಳಿತಿರುತ್ತವೆ. ನಲವತ್ತು ವರ್ಷದವರಿಗೆ ಒಂದು ವರ್ಷದ ಅಂತರ ಲೆಕ್ಕಕ್ಕಿಲ್ಲ. ಆರು ವರ್ಷದ ಮಗುವಿಗೆ ಅದು ಇಡೀ ಆಯುಷ್ಯದ ಆರನೆಯ ಒಂದು ಪಾಲು. ಇಂಗ್ಲೆಂಡಿನಲ್ಲಿ ಶಾಲಾವರ್ಷ ಸೆಪ್ಟೆಂಬರಿನಲ್ಲಿ ತೊಡಗುವುದರಿಂದ ಆಗಸ್ಟಿನಲ್ಲಿ ಹುಟ್ಟಿದ ಮಕ್ಕಳು ತರಗತಿಗೆ ಕಿರಿಯರು. ಆರಂಭದ ವರ್ಷಗಳಲ್ಲಿ ಅವರ ಸರಾಸರಿ ಸಾಧನೆ ಹಿಂದೆ ಬೀಳುವುದನ್ನು ಅಲ್ಲಿಯ ಸಂಶೋಧಕರು ಮತ್ತೆ ಮತ್ತೆ ಕಂಡಿದ್ದಾರೆ. ವರ್ಷ ಕಳೆದಂತೆ ಈ ಅಂತರ ಕಡಮೆಯಾಗುತ್ತದೆ. ಆದರೆ ಮೊದಲ ವರ್ಷದಲ್ಲಿ ಅಂಟಿಸಿದ 'ನಿಧಾನ' ಎಂಬ ಚೀಟಿ ಅಷ್ಟು ಸುಲಭವಾಗಿ ಕಿತ್ತುಬರುವುದಿಲ್ಲ.

ನಮ್ಮಲ್ಲಿ ಒಂದನೆಯ ತರಗತಿಗೆ ಜೂನ್ ಒಂದಕ್ಕೆ ಆರು ವರ್ಷ ತುಂಬಿರಬೇಕೆಂದು ಕರ್ನಾಟಕ ಸರ್ಕಾರ 2022ರಲ್ಲಿ ಆಜ್ಞೆ ಹೊರಡಿಸಿ, ಅದರ ಜಾರಿಯನ್ನು 2025-26ನೆಯ ಸಾಲಿಗೆ ಮುಂದೂಡಿತು. ಆ ವರ್ಷ ಬಂದಾಗ ಪೋಷಕರ ಒತ್ತಾಯದ ಮೇರೆಗೆ, ಏಪ್ರಿಲ್ ತಿಂಗಳಲ್ಲಿ, ಆ ಸಾಲಿಗೆ ಮಾತ್ರ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿತು. ಒಂದು ವರ್ಷ ಹಾಳಾಗುವುದೆಂಬ ಪೋಷಕರ ಅಳಲು ಅರ್ಥವಾಗುವಂಥದೇ. ಆದರೆ ಏಳು ತಿಂಗಳು ಮುಂಚೆ ಸೇರಿದ ಮಗು ಆ ಏಳು ತಿಂಗಳನ್ನು ಎಲ್ಲಿಂದಲೋ ತಂದು ತುಂಬಲೇಬೇಕಾಗುತ್ತದೆ.

ಕಾನೂನು ಏನು ಹೇಳುತ್ತದೆ?

ರಾಯರ ಮನೆಯವರಿಗೆ ತಿಳಿಯದಿದ್ದ ಒಂದು ಮಾತನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ ಒಂದರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯ 13ನೆಯ ವಿಧಿ, ಶಾಲೆಗೆ ಸೇರಿಸಿಕೊಳ್ಳುವಾಗ ಮಗುವನ್ನಾಗಲಿ ತಾಯಿತಂದೆಯರನ್ನಾಗಲಿ ಸೋಸುವುದನ್ನು ನಿಷೇಧಿಸಿದೆ. ಬಂದವರು ಹೆಚ್ಚಾಗಿದ್ದರೆ ಚೀಟಿ ಎತ್ತಬಹುದು. ಪ್ರಶ್ನೆ ಕೇಳಿ ಆರಿಸುವಂತಿಲ್ಲ. ಮೊದಲ ಸಲ ತಪ್ಪಿದ ಶಾಲೆಗೆ 25,000 ರೂಪಾಯಿಗಳವರೆಗೆ, ಅನಂತರದ ಪ್ರತಿ ತಪ್ಪಿಗೂ 50,000 ರೂಪಾಯಿಗಳವರೆಗೆ ದಂಡ. ಮಾತುಕತೆಯ ಹೆಸರನ್ನು ಬದಲಿಸಿದ ಮಾತ್ರಕ್ಕೆ ಅದರ ಗುಣ ಬದಲಾಗುವುದಿಲ್ಲ. ಆದರೆ ಕಾಯಿದೆ ಹೇಳುವ ಮಗು ಆರರಿಂದ ಹದಿನಾಲ್ಕು ವರ್ಷದ್ದು. ಶಿಶುವಿಹಾರದ ಪ್ರವೇಶಕ್ಕೆ ಅದು ಸಾಮಾನ್ಯವಾಗಿ ಅನ್ವಯಿಸದೆಂದು ದೆಹಲಿಯ ಉಚ್ಚ ನ್ಯಾಯಾಲಯ 2013ರಲ್ಲಿ ತೀರ್ಪಿತ್ತು, ಈ ಕೊರತೆಯನ್ನು ನೀಗಿಸುವಂತೆ ಸರ್ಕಾರಕ್ಕೆ ಸೂಚಿಸಿತು. ಹೀಗಾಗಿ ಆರು ವರ್ಷದವನಿಗೆ ಇರುವ ರಕ್ಷಣೆ, ಅದು ಹೆಚ್ಚು ಬೇಕಾದ ಮೂರು ವರ್ಷದವನಿಗೆ ಸಿಕ್ಕುವುದು ಕಷ್ಟ.

ಇಂಗ್ಲೆಂಡಿನಲ್ಲಿ 2021ರ ಸೆಪ್ಟೆಂಬರಿನಿಂದ, ಶಾಲೆಗೆ ಸೇರಿದ ನಾಲ್ಕು ವರ್ಷದ ಮಕ್ಕಳನ್ನು ಮೊದಲ ಆರು ವಾರಗಳೊಳಗೆ ಉಪಾಧ್ಯಾಯರು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಸುಮಾರು ಇಪ್ಪತ್ತು ನಿಮಿಷ ಪರೀಕ್ಷಿಸುವುದು ಕಡ್ಡಾಯವಾಯಿತು. ಅದು ಪ್ರವೇಶಕ್ಕಾಗಿ ಅಲ್ಲ. ಏಳು ವರ್ಷಗಳ ಮೇಲೆ ಶಾಲೆ ಮಕ್ಕಳನ್ನು ಎಷ್ಟು ಮುಂದೆ ತಂದಿತೆಂದು ಸರ್ಕಾರ ಲೆಕ್ಕ ಹಾಕುವುದಕ್ಕೆ. ಇದನ್ನು ವಿರೋಧಿಸಿ 2019ರಲ್ಲಿ ತಾಯಿತಂದೆಯರು ಪುಟ್ಟ ಮಕ್ಕಳೊಡನೆ ಪ್ರಧಾನಮಂತ್ರಿಯ ನಿವಾಸದತ್ತ ಮೆರವಣಿಗೆ ಹೋದದ್ದುಂಟು. ಶಾಲೆಯ ಲೆಕ್ಕಕ್ಕೆ ಮಗುವನ್ನು ತಕ್ಕಡಿಗೆ ಹಾಕುವುದು ನನಗೂ ರುಚಿಸುವುದಿಲ್ಲ.

ಹಾಗಾದರೆ ಅಳೆಯಲೇ ಬಾರದೆ?

ಅಳೆಯಲೇಬೇಕು, ಆದರೆ ಬಾಗಿಲ ಹೊರಗಲ್ಲ, ಒಳಗೆ. ಎಲ್ಲಿಂದ ಆರಂಭಿಸಬೇಕೆಂದು ತಿಳಿಯದ ಉಪಾಧ್ಯಾಯರು ನಲವತ್ತು ಮಕ್ಕಳಿಗೂ ಒಂದೇ ತುತ್ತು ಕಲಸಿಡುತ್ತಾರೆ. ಕೆಲವರಿಗೆ ಅದು ಸಾಲದು, ಕೆಲವರಿಗೆ ಗಂಟಲಲ್ಲಿ ಇಳಿಯದು.

ಮೊದಲು ನೋಡಬೇಕಾದದ್ದು ಕಣ್ಣು ಮತ್ತು ಕಿವಿ. ಕರೆದರೆ ಓಗೊಡದ ಮಗು ಉದಾಸೀನದ್ದಾಗಿರಬೇಕೆಂದಿಲ್ಲ, ಕಿವಿ ಸೋರುತ್ತಿರಬಹುದು. ಹಲಗೆ ನೋಡಿ ತಪ್ಪು ಬರೆಯುವವನಿಗೆ ಬೇಕಾದದ್ದು ಬೆತ್ತವಲ್ಲ, ಕನ್ನಡಕವಾಗಿರಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ಸಂಚಾರಿ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕೆಂಬ ಏರ್ಪಾಡಿದೆ. ಖಾಸಗಿ ಶಾಲೆಗೆ ಕಳುಹಿಸುವ ನಮ್ಮಂಥವರು ಬಣ್ಣದ ಹೆಸರು ಉರುಹೊಡೆಸುವ ಸಮಯದಲ್ಲಿ ಒಂದು ಸಂಜೆ ಕಣ್ಣಿನ ವೈದ್ಯರಲ್ಲಿಗೆ ಹೋಗಿಬಂದರೆ ನಷ್ಟವೇನೂ ಇಲ್ಲ.

ಆಮೇಲೆ ಆಟ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ 2021ರ ಜುಲೈನಲ್ಲಿ ಬಂದ 'ವಿದ್ಯಾ ಪ್ರವೇಶ'ವು ಒಂದನೆಯ ತರಗತಿಯ ಮೊದಲ ಮೂರು ತಿಂಗಳನ್ನು ಆಟದ ಮೂಲಕ ಮಕ್ಕಳನ್ನು ಅರಿಯುವುದಕ್ಕೂ ಸಿದ್ಧಗೊಳಿಸುವುದಕ್ಕೂ ಮೀಸಲಿಟ್ಟಿದೆ. ಕರ್ನಾಟಕಕ್ಕೆ ಈ ದಾರಿ ಹೊಸದಲ್ಲ. ಹೆಗ್ಗಡದೇವನಕೋಟೆಯ ಉಪಾಧ್ಯಾಯರು ರಿಷಿ ವ್ಯಾಲಿಯ ಮಾದರಿಯನ್ನು ಕಂಡುಬಂದು 1995ರಲ್ಲಿ ತೊಡಗಿಸಿದ 'ನಲಿ-ಕಲಿ' ಪದ್ಧತಿಯಲ್ಲಿ ಕಲಿಕೆ ಒಂದು ಏಣಿ. ಮಗು ತಾನು ನಿಂತ ಮೆಟ್ಟಿಲಿನಿಂದಲೇ ಹತ್ತುತ್ತದೆ, ನಾಲ್ಕು ದಿನ ತಪ್ಪಿಸಿಕೊಂಡರೂ ಮರಳಿ ಬಂದು ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಅಲ್ಲಿ ಅಳತೆ ಪ್ರತ್ಯೇಕವಾದ ಒಂದು ದಿನದ ಭೀತಿಯಲ್ಲ, ದಿನನಿತ್ಯದ ಕೆಲಸ. ಒಬ್ಬರೇ ಉಪಾಧ್ಯಾಯರು ಮೂರು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳಬೇಕಾದಾಗ ಈ ಏಣಿ ಅಲುಗಾಡುತ್ತದೆಂಬುದೂ ಸುಳ್ಳಲ್ಲ. ಪದ್ಧತಿ ಎಷ್ಟೇ ಒಳ್ಳೆಯದಾದರೂ ಮಗುವನ್ನು ನೋಡಲು ಉಪಾಧ್ಯಾಯರಿಗೆ ಪುರುಸೊತ್ತು ಇರಬೇಕು.

ರಾಯರ ಮೊಮ್ಮಗ ಕೊನೆಗೆ ಸೇರಿದ್ದು ಮನೆಗೆ ಎರಡು ಬೀದಿ ಆಚೆಗಿನ ಸರ್ಕಾರಿ ಶಾಲೆಗೆ. ತಾಯಿಗೆ ಮೊದಲು ಮನಸ್ಸಿರಲಿಲ್ಲ. ತಿಂಗಳಾದ ಮೇಲೆ ರಾಯರು ಶಾಲೆಗೆ ಹೋಗಿ, "ನಮ್ಮ ಹುಡುಗ ಹೇಗಿದ್ದಾನಮ್ಮ?" ಎಂದು ಅಂಜುತ್ತಲೇ ವಿಚಾರಿಸಿದರಂತೆ. ಆ ಉಪಾಧ್ಯಾಯಿನಿ ಚುರುಕು ಎನ್ನಲಿಲ್ಲ, ಮಂದ ಎನ್ನಲಿಲ್ಲ. "ಕಥೆ ಹೇಳುವಾಗ ನಡುವೆ ಪ್ರಶ್ನೆ ಕೇಳ್ತಾನೆ, ಒಳ್ಳೆಯದು. ಎಡಗೈಲಿ ಬರೀತಾನೆ, ದಯವಿಟ್ಟು ಬದಲಾಯಿಸಬೇಡಿ. ಹುಣಸೆಬೀಜ ಎಣಿಸುವಾಗ ಹನ್ನೆರಡಾದ ಮೇಲೆ ಹದಿನಾಲ್ಕಕ್ಕೆ ಹಾರಿಬಿಡ್ತಾನೆ. ಇನ್ನೊಂದು ವಾರ ನೋಡೋಣ ಸಾರ್" ಎಂದರು.

ಅಂದಿನಿಂದ ಊಟದ ವೇಳೆಯ ಬಣ್ಣದ ಪ್ರಶ್ನೆಗಳು ನಿಂತಿವೆ. ಸಂಜೆ ಜಗುಲಿಯ ಮೇಲೆ ತಾತ ಮೊಮ್ಮಗ ಇಬ್ಬರೂ ಹುಣಸೆಬೀಜಗಳನ್ನು ಹರಡಿಕೊಂಡು ಕುಳಿತಿರುವುದು ನಮ್ಮ ಕಿಟಕಿಯಿಂದ ಕಾಣುತ್ತದೆ. ನಿನ್ನೆ ಎಣಿಕೆ ಮೂವತ್ತನ್ನು ದಾಟಿತು. ಹದಿಮೂರು ಮಾತ್ರ ಇನ್ನೂ ಸಿಕ್ಕಿಲ್ಲ.